ಎರಡೂವರೆ ಮನೆ

ಜೂನ್ 9, ಸೋಮವಾರ

ಮದುವೆಯಾಗಿ ಇಂದಿಗೆ ಇಪ್ಪತ್ಮೂರು ದಿನ! ಬಚ್ಚಲಿನ ಗೂಡಿನಲ್ಲಿ ಇವರ ಬ್ರಷ್ಷಿಗೆ ನನ್ನ ಬ್ರಷ್ಷು ಒರಗಿಕೊಂಡಿರುವುದನ್ನು ನೋಡಿದರೆ ಈಗಲೂ ಒಬ್ಬಳೇ ನಗುತ್ತೇನೆ. ಇವತ್ತು ಅತ್ತೆ ನೋಡಿಬಿಟ್ಟರು. "ಹಲ್ಲುಜ್ಜೋವಾಗಲೂ ನಗುನಾ? ನೊರೆ ನುಂಗಿಬಿಟ್ಟೀಯ ಜೋಕೆ" ಎಂದರು. ಅವರು ನನಗಿಟ್ಟ ಹೆಸರು ರೇಡಿಯೋ. ಎದ್ದಾಗಿನಿಂದ ಗುನುಗುತ್ತಲೇ ಇರುತ್ತೇನಂತೆ, ಆಫ್ ಮಾಡುವ ಗುಂಡಿಯೇ ಇಲ್ಲವಂತೆ. ಬೈಗುಳವೋ ಮುದ್ದೋ ಇನ್ನೂ ಗೊತ್ತಾಗಿಲ್ಲ. ಮುದ್ದೇ ಇರಬೇಕು.

ಅದಕ್ಕಿಂತ ದೊಡ್ಡ ಸುದ್ದಿ, ಕೆಲಸ ಸಿಕ್ಕಿತು! ಇವರ ಕನ್ನಡಕದ ಅಂಗಡಿಗೆ ಬಂದ ಹೆಡ್‌ಮಿಸ್ ಒಬ್ಬರು, ತಮ್ಮ ಶಾಲೆಯ ಸಂಗೀತದ ಮೇಷ್ಟ್ರು ಬಿದ್ದು ಸೊಂಟ ಮುರಿದುಕೊಂಡು ಕೆಲಸ ಬಿಟ್ಟರು ಎಂದು ಗೋಳಾಡಿದರಂತೆ. ಇವರು ತಕ್ಷಣ, "ನಮ್ಮನೇಲಿ ಒಬ್ಬಳಿದ್ದಾಳೆ ಮೇಡಂ. ಹಾಡಿಸೋದು ಸುಲಭ, ನಿಲ್ಲಿಸೋದೇ ಕಷ್ಟ" ಎಂದರಂತೆ. ಎಷ್ಟು ಒಳ್ಳೆಯವರು ಇವರು! ಇಂಥವರು ನನಗೇ ಸಿಗಬೇಕೆಂದು ಯಾರು ಬರೆದಿಟ್ಟರೋ.

ಸಂಗೀತದ ಕೋಣೆ ಮಹಡಿ ಮೆಟ್ಟಿಲ ಕೆಳಗಿದೆ. ಅರ್ಧ ಜಾಗ ಆಟದ ಸಾಮಾನಿಗೆ: ಗಾಳಿ ಇಳಿದ ಚೆಂಡುಗಳು, ಹಗ್ಗದ ಸುರುಳಿ, ಗೆರೆ ಎಳೆಯುವ ಸುಣ್ಣ. ಉಳಿದರ್ಧದಲ್ಲಿ ಹಳೆಯ ಬೆಡ್‌ಶೀಟು ಹೊದ್ದ ಹಾರ್ಮೋನಿಯಂ, ಮತ್ತು ಮಕ್ಕಳು ಸಾಲಾಗಿ ನಿಲ್ಲಲು ಮೂರು ಮೆಟ್ಟಿಲಿನ ಮರದ ಕಟ್ಟೆ. ಹಾರ್ಮೋನಿಯಂ ಹಾಗೇ ಮಲಗಿರಲಿ. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿ, ಕೀಬೋರ್ಡಿನಲ್ಲಿ ಆರು ಪರೀಕ್ಷೆ ಪಾಸು ಮಾಡಿದವಳಿಗೆ ಆ ತಿದಿ ಒತ್ತುವ ಪೆಟ್ಟಿಗೆ ಯಾಕೆ?

ಹೆಡ್‌ಮಿಸ್ ಹೇಳಿದ್ದು ಎರಡೇ ಮಾತು. ಒಂದು: "ಆಗಸ್ಟ್ ಎರಡಕ್ಕೆ ಶಾಲೆಗಳ ಸಮೂಹಗಾನ ಸ್ಪರ್ಧೆ. ನಾಲ್ಕು ವರ್ಷದಿಂದ ನಮಗೆ ಸಮಾಧಾನಕರ ಬಹುಮಾನ. ನನಗೆ ಸಮಾಧಾನ ಸಾಕಾಗಿದೆ." ಇನ್ನೊಂದು: "ಹಳೇ ಮೇಷ್ಟ್ರನ್ನ ಒಂದ್ಸಲ ಮಾತಾಡಿಸ್ಕೊಂಡು ಬಾಮ್ಮ. ಈ ಮಕ್ಕಳ ಗಂಟಲು ಅವರಿಗೆ ಗೊತ್ತು."

"ಖಂಡಿತ ಮೇಡಂ, ಈ ವಾರವೇ" ಎಂದೆ.

ಜೂನ್ 11, ಬುಧವಾರ

ಇಪ್ಪತ್ತೆರಡು ಮಕ್ಕಳನ್ನು ಒಬ್ಬೊಬ್ಬರಾಗಿ ಹಾಡಿಸಿದೆ. ಎಲ್ಲರಿಗೂ ಹಳೇ ಮೇಷ್ಟ್ರು ಅಡ್ಡಹೆಸರಿಟ್ಟಿದ್ದಾರೆ, ಮಕ್ಕಳೂ ಅದನ್ನೇ ಹೇಳಿಕೊಳ್ಳುತ್ತವೆ. ಎಲ್ಲರಿಗಿಂತ ಉದ್ದದ ಹುಡುಗಿ ಕೊಕ್ಕರೆ. ಹಾಡುವಾಗ ಕಣ್ಣು ಮುಚ್ಚುವವನು ತೂಕಡಿಕೆ. ಹದಿನೆಂಟನೆಯವಳು ಬಂದು ನಿಂತಾಗ "ನೀನ್ಯಾರು ಪುಟ್ಟಿ?" ಎಂದೆ. "ಗಂಟೆ, ಟೀಚರ್."

ಯಾಕೆ ಗಂಟೆ ಎಂದು ಕೇಳುವ ಅಗತ್ಯ ಬೀಳಲಿಲ್ಲ. ಬಾಯಿ ತೆರೆದಳು, ಮೆಟ್ಟಿಲಿಳಿದು ಹೋಗುತ್ತಿದ್ದ ಜವಾನ ಅಲ್ಲೇ ನಿಂತ. ಐದನೇ ತರಗತಿ, ಹತ್ತು ವರ್ಷ, ಕೈಕಾಲು ಪೊರಕೆ ಕಡ್ಡಿ. ಶಾಲೆಯ ಗೇಟಿನೆದುರು ಬಟ್ಟೆ ಹೊಲಿಯುವ ಟೈಲರಮ್ಮನ ಮಗಳಂತೆ. ಅಷ್ಟು ಚಿಕ್ಕ ಎದೆಯೊಳಗೆ ಅಂಥ ದನಿ ಎಲ್ಲಿ ಕೂತಿರುತ್ತದೋ! ನನಗೆ ಮೈ ಜುಮ್ಮೆಂದಿತು. ಸ್ಪರ್ಧೆಯ ಕಪ್ ನಮ್ಮದೇ. ಬರೆದಿಡುತ್ತೇನೆ, ನಮ್ಮದೇ.

ಸಂಜೆ ಇವರಿಗೆ ಅವಳಂತೆಯೇ ಹಾಡಿ ತೋರಿಸಿದೆ. ಇವರು ಚಪ್ಪಾಳೆ ತಟ್ಟಿದರು. ಒಳಗಿನಿಂದ ಅತ್ತೆ, "ಪಕ್ಕದ ಮನೆಯವರು ಟಿಕೆಟ್ ಕೇಳ್ತಿದ್ದಾರೆ" ಎಂದರು.

ಜೂನ್ 16, ಸೋಮವಾರ

ಹಾಡು ಆರಿಸಿದೆ! ಆದರೆ ಅದಕ್ಕೂ ಮೊದಲು ಮೇಷ್ಟ್ರ ಪುಸ್ತಕದ ಕಥೆ.

ಹಾರ್ಮೋನಿಯಂ ಮೇಲೆ ಉದ್ದನೆಯ ನೋಟ್ ಪುಸ್ತಕವೊಂದಿತ್ತು. ತುಂಬಾ ಹಾಡುಗಳು: ಇರುವೆ ಹಾಡು, ದೋಣಿ ಹಾಡು, ಅಜ್ಜನ ಕೊಡೆ ಹಾಡು. ಪಾಪ, ಎಲ್ಲವೂ ತೊಟ್ಟಿಲು ತೂಗಿದ ಹಾಗೆ. ಇವನ್ನು ಹಾಡಿದರೆ ತೀರ್ಪುಗಾರರೂ ತೂಕಡಿಕೆಯ ತಂಡ ಸೇರುತ್ತಾರೆ. ನಾನು ಆರಿಸಿದ್ದು ಹಕ್ಕಿ ಹಾಡು. ಕಾಲೇಜಿನಲ್ಲಿ ನನಗೆ ಮೊದಲ ಬಹುಮಾನ ತಂದ ಹಾಡು. ಹಕ್ಕಿ ಮೂರು ಸಲ ಏರುತ್ತದೆ, ಮೂರನೇ ಸಲ ಮೋಡ ದಾಟಿ ಅಲ್ಲೇ ನಿಲ್ಲುತ್ತದೆ. ಆ ನಿಲ್ಲುವ ಸ್ವರ ಗಂಟೆಗೆ. ಜಿ ಸ್ಕೇಲಿನಲ್ಲಿ ಹಾಡಿಸುತ್ತೇನೆ, ನಾನು ಹಾಡಿದ್ದೂ ಅದರಲ್ಲೇ. ಕೆಳಗಿನಿಂದ ಹಾಡಿದರೆ ಹಕ್ಕಿ ಕೋಳಿಯಾಗುತ್ತದೆ.

ಪುಸ್ತಕದ ಕೊನೆಯ ಹಾಳೆಯಲ್ಲಿ ಮಕ್ಕಳ ಪಟ್ಟಿ ಇದೆ. "ಕೊಕ್ಕರೆ: ಒಂದು ಮನೆ." "ತೂಕಡಿಕೆ: ಎರಡು ಮನೆ, ಕಿಟಕಿ ಕಡೆ ನಿಲ್ಲಿಸು." "ಗಂಟೆ: ಎರಡೂವರೆ ಮನೆ. ಅದರ ಮೇಲೆ ಹತ್ತಿಸಕೂಡದು." ಮನೆ? ಎರಡೂವರೆ ಮನೆ? ಮೇಷ್ಟ್ರು ಮಕ್ಕಳಿಗೆ ಸೈಟು ಹಂಚುತ್ತಿದ್ದರೇ? ಇವರಿಗೆ ಹೇಳಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಆಮೇಲೆ ಹೊಳೆಯಿತು. ಪಗಡೆಯಲ್ಲಿ ಚೌಕಕ್ಕೆ ಮನೆ ಅನ್ನುತ್ತಾರಲ್ಲ, ಹಾಗೆ ಮೇಷ್ಟ್ರು ನಿಲ್ಲುವ ಮೆಟ್ಟಿಲಿಗೆ ಮನೆ ಅಂದಿದ್ದಾರೆ! ಮೂರು ಮೆಟ್ಟಿಲು, ಮೂರು ಮನೆ. ಗಂಟೆಗೆ ಎತ್ತರ ಕಂಡರೆ ಭಯ ಇರಬೇಕು, ಪಾಪ. ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡೆ.

ಜೂನ್ 24, ಮಂಗಳವಾರ

ಮೇಷ್ಟ್ರ ಆಜ್ಞೆಯಂತೆ ಎಲ್ಲರನ್ನೂ ಅವರವರ ಮನೆಗೆ ಸೇರಿಸಿದೆ. ಗಂಟೆಗೆ "ಅರ್ಧ ಮನೆ" ಬೇಕಲ್ಲ, ಜವಾನ ಒಂದು ಗಟ್ಟಿ ಪೆಟ್ಟಿಗೆ ತಂದುಕೊಟ್ಟ. ಎರಡನೇ ಮೆಟ್ಟಿಲ ಮೇಲೆ ಅದನ್ನಿಟ್ಟು ನಿಲ್ಲಿಸಿದೆ. ಕೊಕ್ಕರೆ ಕೆಳಗಿನ ಮೆಟ್ಟಿಲಲ್ಲಿ ನಿಂತು ಹಿಂದಿನ ಮೂವರನ್ನು ಮುಚ್ಚಿಬಿಟ್ಟಳು. ಹೆಡ್‌ಮಿಸ್ ಇಣುಕಿ, "ಕಂಬ ಯಾಕಮ್ಮ ಮುಂದೆ ನೆಟ್ಟಿದ್ದೀಯ?" ಎಂದರು. "ಮೇಷ್ಟ್ರು ಹಾಗೇ ಬರೆದಿದ್ದಾರೆ ಮೇಡಂ." "ಅವರೇ ಬರೆದಿದ್ರೆ ಸರಿ ಬಿಡು. ನೋಡ್ಕೊಂಡು ಬಂದ್ಯಾ ಅವರನ್ನ?"

ಇನ್ನೂ ಹೋಗಿಲ್ಲ. ಹೋದ ಭಾನುವಾರ ಹೊರಟಿದ್ದೆ, ಇವರು ಸಿನಿಮಾ ಟಿಕೆಟ್ ತಂದುಬಿಟ್ಟರು! ಮೇಷ್ಟ್ರು ಈಗಿರುವ ಮಗಳ ಮನೆ ಊರಿನ ಆ ತುದಿ, ಎರಡು ಬಸ್ಸು. ಬರುವ ವಾರ ಹೋದರಾಯಿತು.

ಹಕ್ಕಿ ಎರಡನೇ ಸಲ ಏರಿತು. ಗಂಟೆಯ ಕುತ್ತಿಗೆಯ ನರ ಹಗ್ಗದಂತೆ ಎದ್ದು ಕಾಣುತ್ತದೆ, ಎಷ್ಟು ಮನಸ್ಸಿಟ್ಟು ಹಾಡುತ್ತಾಳೆ! ಮುಗಿದ ಮೇಲೆ ಅವಳನ್ನು ಎತ್ತಿ ಒಂದು ಸುತ್ತು ಸುತ್ತಿಸಿದೆ. ನನ್ನ ಮುಖವನ್ನೇ ನೋಡುತ್ತಿದ್ದಳು.

ಜುಲೈ 1, ಮಂಗಳವಾರ

ಹಕ್ಕಿ ಮೋಡ ದಾಟಿತು!! ಗಂಟೆ ಕೊನೆಯ ಸ್ವರ ಮುಟ್ಟಿ ನಾಲ್ಕು ಎಣಿಸುವವರೆಗೆ ನಿಂತಳು. ನಾನು ಕುರ್ಚಿಯಿಂದ ಎದ್ದು ಕುಣಿದೇಬಿಟ್ಟೆ. ಮಕ್ಕಳೂ ಕುಣಿದವು.

ಇನ್ನೊಂದು ಸಲ ಎಂದಾಗ ಗಂಟೆ ಕೈಯೆತ್ತಿ ಮೆಲ್ಲಗೆ, "ಟೀಚರ್, ಒಂದು ಮನೆ ಇಳಿಸ್ತೀರಾ?" ಎಂದಳು. ಅಯ್ಯೋ, ಎತ್ತರದ ಭಯ! ಕುಣಿತದಲ್ಲಿ ಕಟ್ಟೆ ಅಲ್ಲಾಡಿರಬೇಕು. "ಅದಕ್ಕೇನಂತೆ ಬಂಗಾರ" ಎಂದು ನಾನೇ ಹೋಗಿ ಪೆಟ್ಟಿಗೆ ತೆಗೆದೆ, ಅವಳನ್ನು ಕೈಹಿಡಿದು ಕೆಳಗಿನ ಮೆಟ್ಟಿಲಿಗೆ ಇಳಿಸಿ ಕೊಕ್ಕರೆಯ ಪಕ್ಕ ನಿಲ್ಲಿಸಿದೆ. "ಈಗ ಸರಿಯಾಯ್ತಾ?" ಎಂದೆ. ಸುಮ್ಮನೆ ನಿಂತಳು. ಆಮೇಲೆ ತಲೆಯಾಡಿಸಿದಳು. ಮತ್ತೆ ನಾಲ್ಕು ಸಲ ಹಾಡಿದೆವು.

ಟೀಚರ್ ಅಂದರೆ ಮಕ್ಕಳ ಮನಸ್ಸು ಅರಿಯಬೇಕು. ಇವರು ಅದನ್ನೇ ಹೇಳುತ್ತಾರೆ, ನಿನಗೆ ಮಕ್ಕಳೆಂದರೆ ಪ್ರಾಣ ಎಂದು.

ಜುಲೈ 5, ಶನಿವಾರ

ಸ್ಪರ್ಧೆಯ ದಿನಕ್ಕೆ ಮಕ್ಕಳಿಗೆ ನೀಲಿ ಅಂಗಿ. ಟೈಲರಮ್ಮನಿಗೇ ಕೊಟ್ಟೆವು. ಅಂಗಡಿಯೆಂದರೆ ಒಂದು ಮೆಷೀನು, ಒಂದು ಸ್ಟೂಲು, ಗೋಡೆಯ ತುಂಬ ಅರೆಹೊಲಿದ ತೋಳುಗಳು. ಹಲ್ಲಿನ ನಡುವೆ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುತ್ತಾರೆ, ನನಗೇ ಗಾಬರಿ.

"ನಿಮ್ಮ ಮಗಳು ನಮ್ಮ ಶಾಲೆಯ ಆಸ್ತಿ" ಎಂದೆ.

"ಆಸ್ತಿ ನಿಮ್ಮ ಹತ್ರಾನೇ ಇದೆ ಬಿಡಿ. ಮೊದಲೆಲ್ಲ ಸಂಜೆ ನಾನು ಹೊಲಿಯೋವಾಗ ಇಲ್ಲೇ ಕೂತು ಹಾಡೋಳು. ಈಗ ಪೂರ್ತಿ ಖರ್ಚು ಮಾಡ್ಕೊಂಡೇ ಬರ್ತಾಳೆ. ಕರೆದ್ರೂ ಓ ಅನ್ನಲ್ಲ, ಬರೀ ತಲೆ ಆಡಿಸ್ತಾಳೆ."

"ಎತ್ತರದ ಭಯ ಇದೆಯಲ್ಲ, ಅದೊಂದನ್ನ ಬಿಡಿಸಬೇಕು."

"ಯಾರಿಗೆ, ಇವಳಿಗಾ? ನೀರಿನ ಟ್ಯಾಂಕ್ ಮೇಲೆ ಕೂತು ಮಾವಿನಕಾಯಿ ತಿನ್ನೋಳು!"

ತಾಯಂದಿರಿಗೆ ಎಲ್ಲ ಗೊತ್ತಿರುವುದಿಲ್ಲ.

ಜುಲೈ 14, ಸೋಮವಾರ

ಶನಿವಾರ ಶಾಲೆಯ ಓಟದ ಪಂದ್ಯ ಇತ್ತು. ಮಕ್ಕಳು ಕಿರುಚಿ ಕಿರುಚಿ ಗಂಟಲು ಕೆಡಿಸಿಕೊಂಡಿದ್ದಾರೆ. ಇವತ್ತು ಗಂಟೆಯ ದನಿ ಮೂರನೇ ಏರಿನಲ್ಲಿ ಒಡೆಯಿತು. ಗಾಳಿ ಮಾತ್ರ ಬಂತು, ಸ್ವರ ಬರಲಿಲ್ಲ. ಬಿಸಿನೀರು ಕುಡಿಸಿದೆ, ಮತ್ತೆ ಹಾಡಿಸಿದೆ. ಬಂತು, ಸ್ವಲ್ಪ ಗರಗರ. ಇನ್ನು ಮೂರೇ ವಾರವಿದೆ. ಈಗ ಬಿಟ್ಟರೆ ಹಿಡಿತ ತಪ್ಪುತ್ತದೆ.

ಸಂಜೆ ಅಂಗಡಿಯಲ್ಲಿ ಇವರಿಗಾಗಿ ಕಾಯುತ್ತ ಕೂತಿದ್ದೆ. ಒಬ್ಬ ಮುದುಕರ ಕಣ್ಣು ಪರೀಕ್ಷೆ ಮಾಡುತ್ತಿದ್ದರು. ಗಾಜು ಬದಲಾಯಿಸುತ್ತಾರೆ, "ಈಗ ಹೇಗಿದೆ?" ಎನ್ನುತ್ತಾರೆ. ಮತ್ತೊಂದು ಗಾಜು, "ಈಗ?" ಬೇಸರವಾಗುವುದಿಲ್ಲವೇ ಎಂದು ಕೇಳಿದೆ. "ಅವರ ಕಣ್ಣು ನನಗೆ ಹೇಗೆ ಗೊತ್ತಾಗ್ಬೇಕು, ಕೇಳಲೇಬೇಕಲ್ವಾ" ಎಂದರು. ಇವರ ತಾಳ್ಮೆ ನೋಡಿದರೆ ಮುದ್ದು ಬರುತ್ತದೆ.

ಜುಲೈ 18, ಶುಕ್ರವಾರ

ಗಂಟೆ ಬಂದಳು. ಬಾಯಿ ತೆರೆದಳು. ಏನೂ ಬರಲಿಲ್ಲ. ಗರಗರವೂ ಇಲ್ಲ.

ಮಕ್ಕಳು ನಕ್ಕವು, ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡು. ಅವಳೂ ನಕ್ಕಳು. ಅದಕ್ಕೂ ಸದ್ದಿರಲಿಲ್ಲ.

ಜುಲೈ 21, ಸೋಮವಾರ

ಟೈಲರಮ್ಮ ಅವಳನ್ನು ಗಂಟಲಿನ ಡಾಕ್ಟರ ಬಳಿ ಕರೆದೊಯ್ದಿದ್ದರು. ನಾನೂ ಹೋಗಿದ್ದೆ. ಪರದೆಯ ಮೇಲೆ ಅವಳ ಗಂಟಲೊಳಗನ್ನು ತೋರಿಸಿದರು. ಎರಡು ತೆಳ್ಳನೆಯ ಬಿಳಿ ಪಟ್ಟಿಗಳು, ಎರಡರ ಮೇಲೂ ಅಕ್ಕಿಕಾಳಿನಷ್ಟು ಊತ. "ಗಾರೆ ಕೆಲಸದವರ ಅಂಗೈ ಜಡ್ಡುಗಟ್ಟುತ್ತಲ್ಲ, ಹಾಗೆ" ಎಂದರು ಡಾಕ್ಟರು. "ಒಂದು ದಿನದ್ದಲ್ಲ ಇದು. ಯಾವುದಕ್ಕೆ ಇಷ್ಟು ಕಿರುಚಿಸಿದ್ರಿ?"

ಆರು ವಾರ ಪೂರ್ತಿ ಮೌನ. ಪಿಸುಮಾತೂ ಕೂಡದು. ಹಾಡುವ ಮಾತು ಆಮೇಲೆ. "ಬರಬಹುದು, ಬರದೆಯೂ ಇರಬಹುದು."

ದಾರಿಯುದ್ದಕ್ಕೂ ಟೈಲರಮ್ಮ ಮಗಳನ್ನು ಬೈದರು. "ಓಟದಲ್ಲಿ ಯಾರೋ ಗೆದ್ರೆ ನಿನಗೇನೇ? ಗಂಟಲು ಹರಿದ್ಕೊಳ್ಳೋ ಹಾಗೆ ಅರಚು ಅಂತ ಯಾರು ಹೇಳಿದ್ರು?" ಗಂಟೆ ತಲೆತಗ್ಗಿಸಿ ನಡೆಯುತ್ತಿದ್ದಳು, ಉತ್ತರ ಕೊಡುವಂತಿಲ್ಲವಲ್ಲ. ಹೆಡ್‌ಮಿಸ್ಸೂ ಓಟದ ಪಂದ್ಯವೇ ಕಾರಣ ಎಂದರು. ಹೌದು, ಅದೇ. ಓಟದ ದಿನ ಅವಳು ಎಲ್ಲರಿಗಿಂತ ಮುಂದೆ ನಿಂತಿದ್ದಳು, ನಾನೇ ನೋಡಿದ್ದೇನೆ.

ನಾಳೆ ಮೇಷ್ಟ್ರ ಬಳಿಗೆ. ಗಂಟೆಯಿಲ್ಲದೆ ಯಾವ ಹಾಡು ಹಾಡಿಸುವುದು ಎಂದು ಕೇಳಬೇಕು.

ಜುಲೈ 22, ಮಂಗಳವಾರ

ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ಮೂರನೇ ಮಹಡಿ. ಮೇಷ್ಟ್ರು ಕಿಟಕಿಯ ಬಳಿ ಕುರ್ಚಿಯಲ್ಲಿದ್ದರು, ಪಕ್ಕದಲ್ಲಿ ನಾಲ್ಕು ಕಾಲಿನ ಊರುಗೋಲು. "ಹೊಸ ಟೀಚರಾ? ಆರು ವಾರಕ್ಕೆ ದಾರಿ ಸಿಕ್ತಾ?" ಎಂದರು. ನಗುತ್ತಲೇ ಅಂದರು. ನಾನು ಗಂಟೆಯ ವಿಷಯ ಹೇಳಿದೆ, ಓಟದ ಪಂದ್ಯ, ಕಿರುಚಾಟ.

ಅವರ ನಗು ನಿಂತಿತು. "ಯಾವ ಹಾಡು ಕೊಟ್ಟಿದ್ರಿ?"

ಹೇಳಿದೆ.

"ಎಷ್ಟನೇ ಮನೇಲಿ ಹಾಡಿಸಿದ್ರಿ?"

"ಮನೇಲಲ್ಲ ಸರ್, ಸ್ಕೂಲಲ್ಲೇ."

ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡರು. ನನ್ನ ಮುಖ ನೋಡಿ, ಇಲ್ಲ ಎಂದು ಗೊತ್ತಾಯಿತು. "ಪುಸ್ತಕದಲ್ಲಿ ಬರೆದಿಟ್ಟಿದ್ದೆನಲ್ಲ, ಎರಡೂವರೆ ಮನೆ ಅಂತ."

"ನೋಡಿದೆ ಸರ್. ಅದಕ್ಕೇ ಎರಡನೇ ಮೆಟ್ಟಿಲ ಮೇಲೆ ಪೆಟ್ಟಿಗೆ ಇಟ್ಟು ನಿಲ್ಲಿಸಿದ್ದೆ."

ಮೇಷ್ಟ್ರು ಮಗಳನ್ನು ಕರೆದು ಸಣ್ಣ ಹಾರ್ಮೋನಿಯಂ ತರಿಸಿದರು. ಬಿಳಿಯ ಪಟ್ಟಿಯೊಂದರ ಮೇಲೆ ಬೆರಳಿಟ್ಟರು. "ಇದು ಒಂದನೇ ಮನೆ. ಇದು ಎರಡನೇ ಮನೆ. ಇವಕ್ಕೆಲ್ಲ ಮನೆ ಅಂತಾರೆ ತಾಯಿ. ಬಿಳಿ ಪೂರ್ತಿ, ಮಧ್ಯದ ಕಪ್ಪು ಅರ್ಧ. ಎಲ್ಲಿಂದ ಶುರು ಮಾಡ್ಬೇಕು ಅನ್ನೋದಕ್ಕೆ ಲೆಕ್ಕ." ಬೆರಳು ಸರಿಸಿದರು. "ಎರಡೂವರೆ ಇದು."

ಡಿ ಶಾರ್ಪ್. ನಾನು ಸಣ್ಣವಳಿದ್ದಾಗಿನಿಂದ ಡಿ ಶಾರ್ಪ್ ಎಂದು ಕರೆದ ಅದೇ ಕಪ್ಪು ಪಟ್ಟಿ.

"ನೀವು ಹಾಡಿಸಿದ್ದು?" ಎಂದರು.

ಜಿ ಒತ್ತಿದೆ.

"ಐದು" ಎಂದರು ಮೇಷ್ಟ್ರು. ಅಷ್ಟೇ. ಬೈಯುತ್ತಾರೆ ಎಂದು ಕಾದೆ. ತಿದಿಗೆ ಕೊಂಡಿ ಹಾಕಿದರು. "ಹೋದ ವರ್ಷ ನಾನೂ ಆಸೆ ಬಿದ್ದು ನಾಲ್ಕಕ್ಕೆ ಹತ್ತಿಸಿದ್ದೆ. ಎರಡೇ ದಿನಕ್ಕೆ ಮಗುಗೆ ಗಂಟಲು ಕಟ್ಟಿತು. ಅದಕ್ಕೇ ಬರೆದಿಟ್ಟೆ. ಅವಳು ಕೇಳಿದ್ದಕ್ಕೆಲ್ಲ ಹೂಂ ಅನ್ನೋ ಹುಡುಗಿ, ಏರಿಸಿದಷ್ಟೂ ಏರ್ತಾಳೆ." ಹಾರ್ಮೋನಿಯಂ ಪಕ್ಕಕ್ಕೆ ಸರಿಸಿ, "ಚಪ್ಪಲೀನ ನಿಮ್ಮ ಕಾಲಿಗೆ ಅಳೆದು ಅವಳಿಗೆ ತೊಡಿಸಿದ್ರಿ" ಎಂದರು.

ಬಸ್ಸಿನಲ್ಲಿ ಹೊಳೆಯಿತು. ಅವಳು ಕೇಳಿದ್ದಳು. ಒಂದು ಮನೆ ಇಳಿಸ್ತೀರಾ ಎಂದು ಕೈಯೆತ್ತಿ ಕೇಳಿದ್ದಳು. ನಾನು ಕೈಹಿಡಿದು ಇಳಿಸಿ, ಸರಿಯಾಯ್ತಾ ಎಂದು ಕೇಳಿ, ಅದೇ ಜಿಯಲ್ಲಿ ಇನ್ನೂ ನಾಲ್ಕು ಸಲ ಹಾಡಿಸಿದ್ದೆ.

ಜುಲೈ 23, ಬುಧವಾರ

ಬೆಡ್‌ಶೀಟು ತೆಗೆದು ಹಾರ್ಮೋನಿಯಂ ನುಡಿಸಿ ನೋಡಿದೆ. ಇರುವೆ ಹಾಡು ಚೆನ್ನಾಗಿದೆ. ಎಲ್ಲ ಮಕ್ಕಳಿಗೂ ಎಟುಕುತ್ತದೆ. ಕೊಕ್ಕರೆಯನ್ನು ಹಿಂದೆ ನಿಲ್ಲಿಸಿದೆ.

ಜುಲೈ 27, ಭಾನುವಾರ

ಇವತ್ತು ಇವರಿಗೆ ಹೇಳಿದೆ. ತಿಂಡಿಯ ತಟ್ಟೆ ತೊಳೆಯುತ್ತಿದ್ದೆವು. ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಅವರಮ್ಮನಿಗೆ ಹೇಳಬೇಡ" ಎಂದರು. "ಹೇಳಿದ್ರೆ ಗಂಟಲು ಸರಿಹೋಗುತ್ತಾ? ನಿನ್ನ ಕೆಲಸ ಹೋಗುತ್ತೆ, ಅಷ್ಟೇ. ಓಟದ ದಿನ ಕಿರುಚಿದ್ದೂ ನಿಜ ತಾನೇ?"

"ಆ ಮಗು ಬೈಸ್ಕೊಳ್ತಾ ಇದೆ ರೀ. ತಿರುಗಿ ಮಾತಾಡೋ ಹಾಗಿಲ್ಲ ಅದು."

"ನಾಲ್ಕು ದಿನ ಬೈತಾರೆ, ಮರೀತಾರೆ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು."

ನಾನು ತಟ್ಟೆ ಒರೆಸಿದೆ. ನನಗೋಸ್ಕರವೇ ಹೇಳುತ್ತಿದ್ದಾರೆ, ಗೊತ್ತು. ಆದರೂ ಅವರ ಮಾತು ನನಗೆ ಸರಿ ಅನ್ನಿಸಲಿಲ್ಲ.

ಅತ್ತೆ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದರು. ಮಗ ಹೊರಗೆ ಹೋದ ಮೇಲೆ ಬಂದು, "ರೇಡಿಯೋ ನಿಂತು ವಾರ ಆಯ್ತು, ಬ್ಯಾಟರಿ ಮುಗೀತೇನೋ ಅಂದ್ಕೊಂಡಿದ್ದೆ" ಎಂದರು. ನಿಂತಿದೆಯೇ? ನನಗೆ ಗೊತ್ತೇ ಆಗಿರಲಿಲ್ಲ. "ನಾಳೆ ಹೋಗೋದಾದ್ರೆ ಬೆಳಿಗ್ಗೇನೇ ಹೋಗು. ಮಧ್ಯಾಹ್ನ ಅಂದ್ರೆ ನೂರು ನೆಪ ಸಿಗುತ್ತೆ."

ಜುಲೈ 28, ಸೋಮವಾರ

ಬೆಳಿಗ್ಗೆ ಎಂಟಕ್ಕೆ ಹೋದೆ. ಟೈಲರಮ್ಮ ನಮ್ಮ ಮಕ್ಕಳ ನೀಲಿ ಅಂಗಿಗಳಿಗೇ ಗುಂಡಿ ಹಾಕುತ್ತಿದ್ದರು. ಗಂಟೆ ಒಳಗೆ ಜಡೆ ಹಾಕಿಕೊಳ್ಳುತ್ತಿದ್ದಳು.

ನಿಂತೇ ಹೇಳಿದೆ. ಓಟದ ಪಂದ್ಯದಿಂದ ಅಲ್ಲ, ನನ್ನಿಂದ. ಅವಳ ಗಂಟಲಿಗೆ ಮೀರಿದ್ದನ್ನು ಐದು ವಾರ ದಿನವೂ ಹಾಡಿಸಿದೆ. ಮೇಷ್ಟ್ರು ಬರೆದಿಟ್ಟಿದ್ದರು, ನನಗೆ ಅರ್ಥವಾಗಲಿಲ್ಲ. ಅರ್ಥವಾಗಲಿಲ್ಲ ಎಂಬುದೂ ಗೊತ್ತಾಗಲಿಲ್ಲ. ಯಾರನ್ನೂ ಕೇಳಲಿಲ್ಲ.

ಅವರು ಹಲ್ಲಿನ ನಡುವಿನ ಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದರು.

"ನಾನು ಅವಳಿಗೆ ಹೊಡೆದೆ ಟೀಚರ್" ಎಂದರು. "ಮೊನ್ನೆ. ಡಾಕ್ಟರ ಹತ್ರದಿಂದ ಬಂದ ಮೇಲೆ."

ನಾನು ಒಳಗೆ ಗಂಟೆಯಿದ್ದ ಕಡೆ ನೋಡಿದೆ.

"ಹಾಡಲೇಬೇಕು ಅಂತ ನಾನೇನು ಹರಕೆ ಹೊತ್ತು ಹೆತ್ತಿಲ್ಲ. ಹಾಡದೇ ಇರೋರೂ ಅನ್ನ ತಿಂತಾರೆ. ಆದ್ರೆ ಸಂಜೆ ಅವಳು ಹಾಡ್ತಾ ಕೂತಿದ್ರೆ ಈ ಮೆಷೀನ್ ಸದ್ದು ನನಗೆ ಕೇಳ್ತಿರಲಿಲ್ಲ. ಹನ್ನೆರಡು ವರ್ಷದಿಂದ ತುಳೀತಿದ್ದೀನಿ, ಇಷ್ಟು ಸದ್ದು ಮಾಡುತ್ತೆ ಅಂತ ಈಗ ಗೊತ್ತಾಯ್ತು."

ಹೆಡ್‌ಮಿಸ್ಸಿಗೆ ಹೇಳುತ್ತೇನೆ ಎಂದೆ. "ಹೇಳಿ, ಬಿಡಿ, ನನಗೇನು" ಎಂದರು. ನಾನು ಮೆಟ್ಟಿಲಿಳಿಯುವಾಗ ಹಿಂದಿನಿಂದ, "ಅಂಗಿ ಗುರುವಾರಕ್ಕೆ ಸಿಗುತ್ತೆ" ಎಂದರು. ಮೆಷೀನು ಮತ್ತೆ ಶುರುವಾಯಿತು.

ಹೆಡ್‌ಮಿಸ್ಸಿಗೂ ಹೇಳಿದೆ. ಕನ್ನಡಕ ತೆಗೆದು ಮೂಗು ಒತ್ತಿಕೊಂಡರು. "ಎರಡು ವಾರಕ್ಕೊಂದ್ಸಲ ಕೇಳಿದ್ದೆ ನಿನ್ನನ್ನ, ಮೇಷ್ಟ್ರ ಹತ್ರ ಹೋದ್ಯಾ ಅಂತ." ಈಗ ನಿಮ್ಮನ್ನು ಬಿಡಿಸಿದರೆ ಸ್ಪರ್ಧೆಗೆ ಕರೆದೊಯ್ಯುವವರಿಲ್ಲ, ಆಮೇಲೆ ನೋಡೋಣ ಎಂದರು. ಜೂನಿನಿಂದ ನೀನು ಅನ್ನುತ್ತಿದ್ದವರು ಇವತ್ತು ಕೊನೆಯಲ್ಲಿ ನೀವು ಅಂದರು.

ಆಗಸ್ಟ್ 2, ಶನಿವಾರ

ಇರುವೆ ಹಾಡು ಹಾಡಿದರು. ಒಂದೂವರೆ ಮನೆ. ಯಾರ ಕುತ್ತಿಗೆಯ ನರವೂ ಏಳಲಿಲ್ಲ. ತೂಕಡಿಕೆ ಕಣ್ಣು ತೆರೆದು ಹಾಡಿದ. ಬಹುಮಾನ ಬರಲಿಲ್ಲ, ಸಮಾಧಾನಕರವೂ ಇಲ್ಲ.

ಬೇರೆ ಶಾಲೆಯ ತಂಡವೊಂದು ತುಂಬಾ ಎತ್ತರದಲ್ಲಿ ಹಾಡಿ ಮೊದಲನೆಯದಾಯಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನು ಆ ಮಕ್ಕಳ ಕುತ್ತಿಗೆ ನೋಡುತ್ತ ಕೂತಿದ್ದೆ.

ಗಂಟೆ ಬಂದಿದ್ದಳು. ನೀಲಿ ಅಂಗಿ ತೊಟ್ಟು ಸಭೆಯಲ್ಲಿ ಅಮ್ಮನ ಪಕ್ಕ ಕೂತಿದ್ದಳು. ಅವಳದೂ ಹೊಲಿದಿದ್ದರು.

ಆಗಸ್ಟ್ 19, ಮಂಗಳವಾರ

ಬೇರೆ ಟೀಚರ್ ಸಿಗುವವರೆಗೆ ಇರಿ ಎಂದಿದ್ದಾರೆ ಹೆಡ್‌ಮಿಸ್. ಪ್ರತಿ ಮಂಗಳವಾರ ಸಂಜೆ ಮೇಷ್ಟ್ರ ಬಳಿ ಹೋಗುತ್ತೇನೆ. ಹಾಡು ಕಲಿಸುವುದಿಲ್ಲ ಅವರು, ಮಕ್ಕಳ ಬಗ್ಗೆ ಕೇಳುತ್ತಾರೆ. "ಕೊಕ್ಕರೆ ಈಗ ಎಲ್ಲಿ ಉಸಿರು ತಗೋತಾಳೆ?" "ತೂಕಡಿಕೆ ದನಿ ಒಡೀತಾ ಇದೆಯಾ?" ಅರ್ಧ ಪ್ರಶ್ನೆಗಳಿಗೆ ಉತ್ತರ ಗೊತ್ತಿರುವುದಿಲ್ಲ. ಮರುದಿನ ಹೋಗಿ ಕೇಳಿಸಿಕೊಳ್ಳುತ್ತೇನೆ.

ಮನೆಗೆ ಬಂದಾಗ ಇವರು ಅನ್ನಕ್ಕಿಟ್ಟಿದ್ದರು. ನೀರು ಹೆಚ್ಚಾಗಿತ್ತು. ಇಬ್ಬರೂ ಏನೂ ಅನ್ನದೆ ಉಂಡೆವು. ಚೆನ್ನಾಗಿತ್ತು.

ಸೆಪ್ಟೆಂಬರ್ 3, ಬುಧವಾರ

ಸೋಮವಾರಕ್ಕೆ ಆರು ವಾರ ಮುಗಿದಿತ್ತು. ಡಾಕ್ಟರು ನೋಡಿದರಂತೆ. ಊತ ಒಂದು ಕಡೆ ಇಳಿದಿದೆ, ಇನ್ನೊಂದು ಕಡೆ ಹಾಗೇ ಇದೆ. ಮತ್ತೆ ಆರು ವಾರ ಮೌನ. ಇದನ್ನೆಲ್ಲ ಗಂಟೆಯೇ ಬರೆದು ತಿಳಿಸಿದಳು. ಕುತ್ತಿಗೆಗೆ ದಾರದಲ್ಲಿ ಒಂದು ಚೀಟಿ ಪುಸ್ತಕ ನೇತುಹಾಕಿಕೊಂಡಿದ್ದಾಳೆ, ಪೆನ್ಸಿಲನ್ನೂ ಅದಕ್ಕೇ ಕಟ್ಟಿದ್ದಾಳೆ.

ಮಧ್ಯಾಹ್ನದ ಬಿಡುವಿನಲ್ಲಿ ತಾನಾಗಿಯೇ ಸಂಗೀತದ ಕೋಣೆಗೆ ಬಂದಿದ್ದಳು. ನಾನು ಆರನೇ ತರಗತಿಯ ಹಾಡು ಬರೆದುಕೊಳ್ಳುತ್ತಿದ್ದೆ. ಕೆಳಗಿನ ಮೆಟ್ಟಿಲ ಮೇಲೆ ಕೂತಳು.

ಕೇಳಬಾರದೆಂದುಕೊಂಡೇ ಕೇಳಿದೆ. "ಅವತ್ತು ಒಂದು ಮನೆ ಇಳಿಸಿ ಅಂದ್ಯಲ್ಲ. ನಾನು ತಪ್ಪು ತಿಳ್ಕೊಂಡೆ. ಆಮೇಲೆ ಯಾಕೆ ಇನ್ನೊಂದು ಸಲ ಹೇಳಲಿಲ್ಲ ಪುಟ್ಟಿ? ನಾನು ಬೈತೀನಿ ಅಂತ ಭಯ ಆಯ್ತಾ?"

ಜೋರಾಗಿ ತಲೆಯಲ್ಲಾಡಿಸಿದಳು, ಇಲ್ಲ ಎಂದು. ಪೆನ್ಸಿಲು ತೆಗೆದುಕೊಂಡು ನಿಧಾನವಾಗಿ ಬರೆದಳು. ಹರಿದು ಕೊಟ್ಟಳು.

"ನೀವು ತುಂಬಾ ಖುಷಿಯಾಗಿದ್ರಿ ಟೀಚರ್."

ಓದಿದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಅಭ್ಯಾಸದಂತೆ ನಗಲು ಹೋದೆ. ನನ್ನ ತುಟಿ ಅಲುಗುವ ಮೊದಲೇ ಅವಳ ತುಟಿ ಅಲುಗಿತು. ನಾನು ಗೋಡೆಯ ಕಡೆ ತಿರುಗಿಕೊಂಡು ಕೂತೆ, ಅವಳು ನನಗೋಸ್ಕರ ನಗಬೇಕಾಗದಿರಲಿ ಎಂದು.